ಚೀನದವರ ಪಂಚವರ್ಣಗಳೂ ನಮ್ಮ ಮನೆಯ ಗೋಡೆಗಳೂ

ಕಳೆದ ವರ್ಷ ನವರಾತ್ರಿಗೆ ಮುಂಚೆ ನಮ್ಮ ಮನೆಗೆ ಬಣ್ಣ ಬಳಿಸಬೇಕಾಗಿ ಬಂದಿತು. ಎಂಟು ವರ್ಷಗಳ ಮಳೆಬಿಸಿಲುಗಳಿಂದ ಹೊರಗೋಡೆಗಳು ಮಾಸಿ, ಒಗ್ಗರಣೆಯ ಜಿಡ್ಡು ಅಡುಗೆಯ ಮನೆಯನ್ನು ದಾಟಿ ನಡುಮನೆಯವರೆಗೂ ಬಂದಿದ್ದಿತು. ಸಂಸಾರಿಗಳೆಲ್ಲರಿಗೂ ಆಗಾಗ ಒದಗತಕ್ಕ ಕೆಲಸವಿದು. ಇದರಲ್ಲಿ ಬರೆಯುವುದಕ್ಕೇನುಂಟೆಂದು ವಾಚಕರು ಕೇಳಬಹುದು. ಬರೆಯುವುದಕ್ಕೆ ಕಾರಣವಾದುದು ನಮ್ಮ ಹಿರಿಯ ಮಗನು ತಂದ ಒಂದು ಪಟ. ಎಂಟು ಮೂಲೆಗಳುಳ್ಳ ಆ ಪಟದಲ್ಲಿ ದಿಕ್ಕಿಗೊಂದರಂತೆ ಬಣ್ಣವನ್ನು ತುಂಬಿ, ಇಂಥ ದಿಕ್ಕಿಗೆ ಇಂಥ ಬಣ್ಣವನ್ನು ಬಳಿದರೆ ಧನ, ಇಂಥದಕ್ಕೆ ಕೀರ್ತಿ, ಇಂಥದಕ್ಕೆ ದಾಂಪತ್ಯಸುಖವೆಂದು ಬರೆದಿದ್ದಿತು. ಮೇಲೆ ದಪ್ಪಕ್ಷರದಲ್ಲಿ 'ಫೆಂಗ್‌ಶುಯಿ' ಎಂಬ ಹೆಸರು. ಪಟವನ್ನು ಕೊಟ್ಟವರು ಗೃಹಾಲಂಕಾರದ ಸಲಹೆಗಾರರೊಬ್ಬರು. ಸಲಹೆಗೆ ಹಣವನ್ನೂ ತೆಗೆದುಕೊಂಡಿದ್ದರೆಂದು ಆಮೇಲೆ ತಿಳಿಯಿತು.

ಪಟದ ಪ್ರಕಾರ ದಕ್ಷಿಣದ ಕೊಠಡಿಗೆ ಕೆಂಪು ಬಣ್ಣವಾಗಬೇಕು. ನಮ್ಮ ಮನೆಯಲ್ಲಿ ದಕ್ಷಿಣದ ಕೊಠಡಿಯು ನಮ್ಮ ಅಕ್ಕನದು. ಅವರಿಗೆ ಈಗ ಎಪ್ಪತ್ತೆರಡು ವರ್ಷ. ಪತಿವಿಯೋಗವಾದ ಮೇಲೆ ನಮ್ಮೊಡನೆಯೇ ಇದ್ದಾರೆ. ಮಗನು ಪಟವನ್ನು ಹರಡಿ, "ಅತ್ತೆ, ನಿಮ್ಮ ಕೋಣೆಗೆ ಒಳ್ಳೆಯ ಕೆಂಪು ಹೊಡೆಸೋಣ, ಬಹಳ ಮಂಗಳಕರವಂತೆ" ಎಂದನು. ನಾವು ನಡುವೆ ಬಾಯಿಹಾಕಿ, "ಇದು ಚೀನದವರ ಮಾತು. ನಮಗೆ ನಮ್ಮ ವಾಸ್ತುಶಾಸ್ತ್ರವಿಲ್ಲವೇನು?" ಎಂದು ಗದರಿದೆವು. ಅಕ್ಕ ಮಾತ್ರ ಪಟವನ್ನು ನೋಡಿ, "ಕೆಂಪು ಬೇಡ ಕಣಪ್ಪ" ಎಂದಷ್ಟೇ ಹೇಳಿ ಒಳಗೆ ಹೊರಟುಹೋದರು. ಆ ಮಾತಿನ ಅರ್ಥವು ನಮಗೆ ಆಗ ತಿಳಿಯಲಿಲ್ಲ. ಅದನ್ನು ಮುಂದೆ ಹೇಳುವೆವು.

ಕೋಪ ತಣಿದ ಮೇಲೆ ನಮಗೇ ನಾಚಿಕೆಯಾಯಿತು. ಪಾಠವನ್ನೋದದೆ ಉತ್ತರ ಬರೆಯಬೇಡಿರೆಂದು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಗೆ ಹೇಳುತ್ತ ಬಂದವರು ನಾವು. ಒಂದಕ್ಷರವನ್ನೂ ಓದದೆ ಒಂದು ಜನಾಂಗದ ಶಾಸ್ತ್ರವನ್ನು ಹಳಿದೆವಲ್ಲಾ! ಆದಕಾರಣ ಬಣ್ಣದವನನ್ನು ಎರಡು ವಾರ ತಡೆದು, ದೊರೆತಷ್ಟು ಪುಸ್ತಕಗಳನ್ನು ತರಿಸಿ ಓದಿದೆವು. ಓದಿದಷ್ಟೂ ಆ ಪಟದ ವಿಷಯವಾಗಿ ಸಂಶಯವೂ, ಚೀನದವರ ವಿಷಯವಾಗಿ ಗೌರವವೂ ಹೆಚ್ಚುತ್ತ ಬಂದವು.

'ಫೆಂಗ್' ಎಂದರೆ ಗಾಳಿ, 'ಶುಯಿ' ಎಂದರೆ ನೀರು. ಈ ವಿದ್ಯೆಯು ಮೊದಲು ಬದುಕಿದವರ ಮನೆಗಿಂತ ಹೆಚ್ಚಾಗಿ ಸತ್ತವರ ಸಮಾಧಿಗೆ ಸಂಬಂಧಪಟ್ಟುದು. ಕ್ರಿ. ಶ. 276ರಿಂದ 324ರವರೆಗೆ ಇದ್ದ ಗುವೊ ಪು ಎಂಬ ಪಂಡಿತನ ಹೆಸರಿನಲ್ಲಿ ನಡೆದುಬಂದಿರುವ 'ಜಾಂಗ್‌ಶು' ಎಂಬ ಗ್ರಂಥಕ್ಕೆ 'ಸಮಾಧಿಯ ಪುಸ್ತಕ'ವೆಂದೇ ಅರ್ಥ. ಭೂಮಿಯೊಳಗೆ ಸಂಚರಿಸುವ 'ಚೀ' ಎಂಬ ಪ್ರಾಣಶಕ್ತಿಯು ಗಾಳಿಗೆ ಚೆದರಿಹೋಗುವುದು, ನೀರಿನ ಬಳಿ ನಿಲ್ಲುವುದು. ಆದುದರಿಂದ ಗಾಳಿ ಹೊಡೆಯದ, ನೀರು ಹತ್ತಿರವಿರುವ ಸ್ಥಳವೇ ಉತ್ತಮವೆಂಬುದು ಅದರ ಸಾರ. ಹಿಂದೆ ಗುಡ್ಡ, ಮುಂದೆ ಹೊಳೆ, ದಕ್ಷಿಣಕ್ಕೆ ಬಾಗಿಲು: ಉತ್ತರದಿಂದ ಮಂಗೋಲಿಯದ ಕೊರೆಯುವ ಗಾಳಿ ಬೀಸುವ ದೇಶದಲ್ಲಿ ಇದಕ್ಕಿಂತ ಬುದ್ಧಿವಂತಿಕೆಯ ಮಾತು ಯಾವುದು? ಇಲ್ಲಿಯವರೆಗೆ ಬಣ್ಣದ ಪ್ರಸ್ತಾಪವೇ ಇಲ್ಲವೆಂಬುದನ್ನು ಗಮನಿಸಬೇಕು.

ಬಣ್ಣವು ಬಂದುದು ಬೇರೊಂದು ದಾರಿಯಿಂದ. ಚೀನದವರು ಜಗತ್ತನ್ನೆಲ್ಲ ಐದು ತತ್ತ್ವಗಳಾಗಿ ವಿಂಗಡಿಸಿದರು: ಮರ, ಬೆಂಕಿ, ಮಣ್ಣು, ಲೋಹ, ನೀರು. ಇವನ್ನು ನಮ್ಮ ಪಂಚಭೂತಗಳೆಂದೇ ತಿಳಿದು ಅನೇಕರು ಮೋಸಹೋಗುತ್ತಾರೆ. ನಮ್ಮ ಲೆಕ್ಕದಲ್ಲಿ ವಾಯುವೂ ಆಕಾಶವೂ ಉಂಟು, ಮರವೂ ಲೋಹವೂ ಇಲ್ಲ. ಭೇದವು ಹೆಸರಿನಲ್ಲಿ ಮಾತ್ರವಲ್ಲ. ನಮ್ಮಲ್ಲಿ 'ಭೂತ'ವೆಂದರೆ ಆದದ್ದು, ಇರುವಂಥಾದ್ದು. ಅವರು ಐದಕ್ಕೂ ಇಟ್ಟ ಹೆಸರು 'ವೂಶಿಂಗ್'. 'ಶಿಂಗ್' ಎಂದರೆ ನಡೆಯುವುದು, ಚಲಿಸುವುದು. ಆದುದರಿಂದ ಅದನ್ನು ಪಂಚಭೂತವೆನ್ನದೆ 'ಪಂಚಗತಿ' ಎಂದು ಕರೆಯುವುದೇ ಸರಿಯೆಂದು ನಮಗೆ ತೋರುತ್ತದೆ. ಮರದಿಂದ ಬೆಂಕಿ ಹುಟ್ಟುವುದು, ಬೆಂಕಿಯಿಂದ ಬೂದಿಯಾಗಿ ಮಣ್ಣು, ಮಣ್ಣಿನಿಂದ ಲೋಹ, ಲೋಹದಿಂದ ನೀರು, ನೀರಿನಿಂದ ಮತ್ತೆ ಮರ. ಇದು ಹುಟ್ಟಿಸುವ ಚಕ್ರ. ನೀರು ಬೆಂಕಿಯನ್ನು ನಂದಿಸುವುದು, ಬೆಂಕಿ ಲೋಹವನ್ನು ಕರಗಿಸುವುದು, ಲೋಹ ಮರವನ್ನು ಕಡಿಯುವುದು, ಮರ ಮಣ್ಣನ್ನು ಸೀಳುವುದು, ಮಣ್ಣು ನೀರಿಗೆ ಕಟ್ಟೆಹಾಕುವುದು. ಇದು ಅಡಗಿಸುವ ಚಕ್ರ. ಲೋಹದಿಂದ ನೀರು ಹುಟ್ಟುವುದು ಹೇಗೆಂದು ಸಂಶಯಪಡುವವರು ಚಳಿಗಾಲದ ಮುಂಜಾವಿನಲ್ಲಿ ಹೊರಗಿಟ್ಟ ಹಿತ್ತಾಳೆಯ ತಂಬಿಗೆಯನ್ನು ಮುಟ್ಟಿನೋಡಬಹುದು.

ಒಂದೊಂದು ಗತಿಗೆ ಒಂದೊಂದು ದಿಕ್ಕು, ಒಂದೊಂದು ಋತು, ಒಂದೊಂದು ವರ್ಣ. ಪೂರ್ವಕ್ಕೆ ಮರ, ವಸಂತ, ಹಸುರು. ದಕ್ಷಿಣಕ್ಕೆ ಬೆಂಕಿ, ಗ್ರೀಷ್ಮ, ಕೆಂಪು. ಪಶ್ಚಿಮಕ್ಕೆ ಲೋಹ, ಶರತ್ಕಾಲ, ಬಿಳುಪು. ಉತ್ತರಕ್ಕೆ ನೀರು, ಚಳಿಗಾಲ, ಕಪ್ಪು. ನಡುವೆ ಮಣ್ಣು ಮತ್ತು ಹಳದಿ. ಹಸುರೆಂದು ನಾವು ಬರೆದ ಬಣ್ಣಕ್ಕೆ ಅವರ ಮಾತು 'ಚಿಂಗ್'. ಅದರಲ್ಲಿ ಹಸುರೂ ನೀಲಿಯೂ ಎರಡೂ ಅಡಗಿವೆ. ಇದನ್ನು ಕೇಳಿ ನಗಬೇಕಾಗಿಲ್ಲ. ನಮ್ಮ ಸಂಸ್ಕೃತದ 'ಹರಿ' ಎಂಬ ಶಬ್ದವು ಹಳದಿಗೂ ಹಸುರಿಗೂ ಕಪಿಲವರ್ಣಕ್ಕೂ ಸಲ್ಲುವುದಷ್ಟೆ.

ಈ ಹಂಚಿಕೆಯನ್ನು ಕಣ್ಣಾರೆ ಕಾಣತಕ್ಕ ಸ್ಥಳವೊಂದು ಬೀಜಿಂಗ್ ನಗರದಲ್ಲಿದೆ. ಭೂಮಿಗೂ ಧಾನ್ಯಕ್ಕೂ ಚಕ್ರವರ್ತಿಗಳು ಪೂಜೆ ಸಲ್ಲಿಸುತ್ತಿದ್ದ ವೇದಿಕೆಯದು. ಅದಿರುವ ಆವರಣವನ್ನು 1914ರಲ್ಲಿ ಜನರಿಗೆ ಉದ್ಯಾನವಾಗಿ ತೆರೆದರು. ಈಗ ಅದಕ್ಕೆ ಸುನ್ ಯಾತ್‌ಸೆನ್‌ನ ಹೆಸರು. ಆ ಚೌಕವಾದ ವೇದಿಕೆಯ ಮೇಲೆ ಐದು ಬಣ್ಣದ ಮಣ್ಣನ್ನು ಐದು ಭಾಗವಾಗಿ ಹರಡಿದ್ದಾರೆ, ನಡುವೆ ಹಳದಿ. ಚೀನದ ಭೂಪಟವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಳದಿ ನದಿಯ ಪ್ರಾಂತ್ಯದಲ್ಲಿ ಗಾಳಿ ತಂದು ಸುರಿದ ಹಳದಿ ಮಣ್ಣು, ತೆಂಕಣ ಸೀಮೆಯಲ್ಲಿ ಕೆಮ್ಮಣ್ಣು, ಈಶಾನ್ಯದ ಬಯಲುಗಳಲ್ಲಿ ಕರಿಮಣ್ಣು. ಅವರ ವರ್ಣಗಳು ಆಕಾಶದಿಂದ ಬಿದ್ದವುಗಳಲ್ಲ, ಅವರ ಕಾಲಕೆಳಗಿನ ನೆಲದಲ್ಲಿಯೂ ಅವರ ಋತುಗಳಲ್ಲಿಯೂ ಕಂಡವುಗಳು.

ಕಟ್ಟಡಕ್ಕೆ ಬಣ್ಣವನ್ನು ಈ ಶಾಸ್ತ್ರದಂತೆ ಆರಿಸಿದ ಉದಾಹರಣೆಗಳನ್ನು ನೋಡಬೇಕಾದರೆ 1420ರಲ್ಲಿ ಕಟ್ಟಿ ಮುಗಿಸಿದ ಬೀಜಿಂಗಿನ ಅರಮನೆಗೆ ಹೋಗಬೇಕು. ಅದರ ಮಾಡುಗಳೆಲ್ಲ ಸಾಮಾನ್ಯವಾಗಿ ಹಳದಿ ಹೆಂಚಿನವು. ಹಳದಿಯು ನಡುವಿನ ಬಣ್ಣ, ಚಕ್ರವರ್ತಿಯು ಲೋಕದ ನಡುವಿನವನು. ಪೂರ್ವಭಾಗದಲ್ಲಿ ರಾಜಕುಮಾರರು ವಾಸವಾಗಿದ್ದ ಮನೆಗಳಿಗೆ ಮಾತ್ರ ಹಸುರು ಹೆಂಚು. ಬೆಳೆಯುವ ಮಕ್ಕಳಿಗೆ ವಸಂತದ ಬಣ್ಣ. ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಸೆಳೆದುದು ಅಲ್ಲಿಯ ಪುಸ್ತಕಭಂಡಾರ. ಚಿಯೆನ್‌ಲುಂಗ್ ಚಕ್ರವರ್ತಿಯು ಆರಿಸಿದ ಗ್ರಂಥಗಳನ್ನು ಕೈಬರಹದಲ್ಲಿ ಪ್ರತಿಮಾಡಿಸಿ, ಸುಮಾರು 36,000 ಸಂಪುಟಗಳ ಒಂದು ಮಹಾಸಂಗ್ರಹವನ್ನು ಸಿದ್ಧಪಡಿಸಿದನು. ಅದನ್ನು ಇಡುವುದಕ್ಕೆ 1776ರಲ್ಲಿ ಮುಗಿದ ಕಟ್ಟಡಕ್ಕೆ ಕಪ್ಪು ಹೆಂಚನ್ನು ಹೊದಿಸಿದರು. ಕಪ್ಪು ನೀರಿನ ಬಣ್ಣ; ಪುಸ್ತಕಕ್ಕೆ ಶತ್ರು ಬೆಂಕಿ. ಕಟ್ಟಡದ ಹೆಸರಾದ 'ವೆನ್‌ಯುವಾನ್'ನಲ್ಲಿಯೂ ಮಡುವೆಂಬ ಅರ್ಥದ ಶಬ್ದವನ್ನು ಸೇರಿಸಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟಡದ ಮುಂದೆ ನಿಜವಾದ ಕೊಳವೊಂದನ್ನೂ ತೋಡಿಸಿದರು. ಬಣ್ಣದ ನೀರನ್ನು ನಂಬಿ ಬಾವಿಯ ನೀರನ್ನು ಮರೆಯಲಿಲ್ಲವೆಂಬುದನ್ನು ನಮ್ಮ ಸಲಹೆಗಾರರು ನೋಡಬೇಕು.

ಆ ಭಂಡಾರದ ಗ್ರಂಥಗಳು ಉಳಿದು ಈಗ ತೈಪೇಯಲ್ಲಿವೆ. ಅದೇ ಸಂಗ್ರಹದ ಮತ್ತೊಂದು ಪ್ರತಿಯನ್ನು ಬೇಸಗೆಯ ಅರಮನೆಯ ತೋಟದಲ್ಲಿಟ್ಟು, ಆ ಕಟ್ಟಡಕ್ಕೂ ನೀರಿನ ಬುಗ್ಗೆಯನ್ನು ಸೂಚಿಸುವ ಹೆಸರನ್ನೇ ಇಟ್ಟಿದ್ದರು. 1860ರಲ್ಲಿ ಬ್ರಿಟಿಷರ ಮತ್ತು ಫ್ರೆಂಚರ ಸೇನೆಗಳು ಆ ತೋಟಕ್ಕೆ ನುಗ್ಗಿದಾಗ ಪುಸ್ತಕಗಳು ಸುಟ್ಟು ಬೂದಿಯಾದವು. ಹಗಲೂ ರಾತ್ರಿಯೂ ಕುಳಿತು ಬರೆದ ಲಿಪಿಕಾರರನ್ನು ನೆನೆದು ನಮ್ಮ ಮನಸ್ಸು ಬಹಳ ನೊಂದಿತು.

ಇನ್ನು ಸಾಮಾನ್ಯ ಗೃಹಸ್ಥನ ಮನೆ. ಅವನಿಗೆ ಇಷ್ಟಬಂದ ಬಣ್ಣವನ್ನು ಬಳಿಯುವ ಅಧಿಕಾರವೇ ಇರಲಿಲ್ಲ! ಮಿಂಗ್ ಮತ್ತು ಚಿಂಗ್ ರಾಜವಂಶಗಳ ಕಾಲದಲ್ಲಿ ಹಳದಿ ಹೆಂಚು ಚಕ್ರವರ್ತಿಗೆ ಮೀಸಲು, ಬಾಗಿಲಿನ ಬಣ್ಣ ಮನೆಯವನ ಅಂತಸ್ತಿಗೆ ತಕ್ಕಂತೆ. ಆದುದರಿಂದ ಬೀಜಿಂಗಿನ ಹಳೆಯ ಓಣಿಗಳ ಮನೆಗಳೆಲ್ಲ ಬೂದುಬಣ್ಣದ ಇಟ್ಟಿಗೆ, ಬೂದುಬಣ್ಣದ ಹೆಂಚು. ಕೆಂಪನ್ನು ಅವರು ಕಾಣುತ್ತಿದ್ದುದು ಕಾಗದದಲ್ಲಿ. ವರ್ಷಾರಂಭದಲ್ಲಿ ಕೆಂಪು ಕಾಗದದ ಮೇಲೆ ಶುಭವಾಕ್ಯಗಳನ್ನು ಬರೆದು ಬಾಗಿಲಿನ ಎರಡು ಪಕ್ಕಕ್ಕೂ ಅಂಟಿಸುತ್ತಾರೆ, ಮದುವೆಗೆ ಕೆಂಪು ಬಟ್ಟೆ ತೊಡುತ್ತಾರೆ, ಉಡುಗೊರೆಯ ಹಣವನ್ನು ಕೆಂಪು ಲಕೋಟೆಯಲ್ಲಿಡುತ್ತಾರೆ. ಬಡವನ ಮನೆಯ ಬಣ್ಣವು ವರ್ಷಕ್ಕೊಂದು ಸಲ ಬಂದು ಮಳೆಗೆ ತೊಳೆದುಹೋಗುವಂಥಾದ್ದು. ನಾವು ಇದನ್ನು ಬೇರೆಯವರ ತಪ್ಪೆಂದು ಎತ್ತಿಯಾಡಲು ಹೊರಟಿಲ್ಲ. ನಮ್ಮ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿಯೂ ಬಿಳಿಯ, ಕೆಂಪು, ಹಳದಿ, ಕರಿಯ ನೆಲಗಳನ್ನು ಬ್ರಾಹ್ಮಣಾದಿ ನಾಲ್ಕು ವರ್ಣಗಳಿಗೆ ಹಂಚಿದೆ. ಬಣ್ಣದ ಮೇಲೆ ಅಂತಸ್ತಿನ ಮುದ್ರೆಯನ್ನೊತ್ತುವುದು ಎರಡು ದೇಶಗಳಿಗೂ ಸಮಾನವಾದ ದೋಷ.

ಬಿಳುಪಿನ ಮಾತು ಇನ್ನೂ ಸ್ವಾರಸ್ಯವಾಗಿದೆ. ಚೀನದವರಿಗೆ ಬಿಳುಪು ಸೂತಕದ ಬಣ್ಣ. ಸಾವಿನ ಮನೆಯಲ್ಲಿ ಬಿಳಿಯ ಒರಟು ಬಟ್ಟೆಯನ್ನು ಉಡುತ್ತಾರೆ. ಹೀಗಿರಲು ಮನೆಯ ಗೋಡೆಗೆ ಬಿಳುಪು ಕೂಡದೆಂದು ನಮ್ಮ ಪಟದವರು ಹೇಳುವರೋ ಏನೋ. ಆದರೆ ಅನ್ಹುಯಿ ಪ್ರಾಂತ್ಯದ ಶೀದಿ, ಹುಂಗ್‌ಚೂನ್ ಎಂಬ ಹಳ್ಳಿಗಳಲ್ಲಿ ಶತಮಾನಗಳಿಂದ ಮನೆಗಳ ಗೋಡೆಗಳೆಲ್ಲ ಸುಣ್ಣದ ಬಿಳುಪು, ಮಾಡು ಕರಿಯ ಹೆಂಚು. 2000ದಲ್ಲಿ ಈ ಎರಡು ಹಳ್ಳಿಗಳನ್ನೂ ಲೋಕದ ಪಾರಂಪರಿಕ ಸ್ಥಳಗಳ ಪಟ್ಟಿಗೆ ಸೇರಿಸಿದರು. ಅಲ್ಲಿ ಮಳೆಯೂ ತೇವವೂ ಹೆಚ್ಚು. ಸುಣ್ಣವು ಇಟ್ಟಿಗೆಯನ್ನು ಕಾಪಾಡುತ್ತದೆ, ಎತ್ತರವಾದ ಗೋಡೆಗಳ ನಡುವಣ ಸಣ್ಣ ಅಂಗಳಕ್ಕೆ ಬೆಳಕನ್ನು ಮರಳಿಸುತ್ತದೆ. ಉಟ್ಟ ಬಟ್ಟೆಯ ಬಿಳುಪೇ ಬೇರೆ, ಗೋಡೆಯ ಬಿಳುಪೇ ಬೇರೆ ಎಂಬ ವಿವೇಕ ಆ ಹಳ್ಳಿಗರಿಗಿದ್ದಿತು.

ಶಾಸ್ತ್ರವನ್ನು ಪ್ರಶ್ನಿಸಿದವರೂ ಚೀನದಲ್ಲಿಯೇ ಇದ್ದರು. ಕ್ರಿ. ಶ. ಮೊದಲನೆಯ ಶತಮಾನದಲ್ಲಿದ್ದ ವಾಂಗ್ ಚುಂಗ್ ಎಂಬ ತಾರ್ಕಿಕನು, ಮನೆತನದ ಹೆಸರಿನ ಉಚ್ಚಾರಣೆಯನ್ನನುಸರಿಸಿ ಬಾಗಿಲು ಯಾವ ದಿಕ್ಕಿಗಿರಬೇಕೆಂದು ಹೇಳುತ್ತಿದ್ದ ಜ್ಯೋತಿಷ್ಕರನ್ನು ಖಂಡಿಸಿ ಬರೆದನು. ಎರಡು ಸಾವಿರ ವರ್ಷಗಳು ಕಳೆದರೂ ಅವನ ಕೆಲಸ ಮುಗಿದಂತೆ ಕಾಣುವುದಿಲ್ಲ.

ಹಾಗಾದರೆ ನಮ್ಮ ಮಗನು ತಂದ ಪಟ ಎಲ್ಲಿಯದು? ಅದರಲ್ಲಿ ಆಗ್ನೇಯಕ್ಕೆ ಧನದ ನೇರಳೆ, ನೈರುತ್ಯಕ್ಕೆ ದಾಂಪತ್ಯದ ಗುಲಾಬಿ. ಪಂಚವರ್ಣಗಳಲ್ಲಿ ನೇರಳೆಯೂ ಇಲ್ಲ, ಗುಲಾಬಿಯೂ ಇಲ್ಲ. ವಿಚಾರಿಸಲಾಗಿ, ಇದರ ಬಹುಭಾಗವು ಹುಟ್ಟಿದುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಎಂದು ತಿಳಿಯಿತು. 1949ರ ಕ್ರಾಂತಿಯ ತರುವಾಯ ಚೀನದ ಸರಕಾರವು ಈ ವಿದ್ಯೆಯನ್ನು ಮೂಢನಂಬಿಕೆಯೆಂದು ತಳ್ಳಿತು; ಹಾಂಗ್‌ಕಾಂಗ್, ತೈವಾನ್ ಮುಂತಾದ ಕಡೆಗಳಲ್ಲಿ ಅದು ಉಳಿಯಿತು. ಬೀಜಿಂಗಿನಲ್ಲಿ ಹುಟ್ಟಿದ ಲಿನ್ ಯುನ್ ಎಂಬಾತನು ಅಮೆರಿಕಕ್ಕೆ ಹೋಗಿ, ಬೌದ್ಧಪಂಥವೊಂದರ ಹೆಸರಿನಲ್ಲಿ ಹೊಸ ಪದ್ಧತಿಯನ್ನು ಬೋಧಿಸಿ, 1986ರಲ್ಲಿ ಬರ್ಕ್ಲಿಯಲ್ಲಿ ದೇವಾಲಯವನ್ನು ಸ್ಥಾಪಿಸಿದನು. ಅವನ ಶಿಷ್ಯೆಯಾದ ಸಾರಾ ರಾಸ್‌ಬಾಕ್ 1983ರಿಂದ ಬರೆದ ಇಂಗ್ಲಿಷ್ ಪುಸ್ತಕಗಳ ಮೂಲಕ ಆ ಪದ್ಧತಿಯು ಲೋಕದಲ್ಲೆಲ್ಲ ಹರಡಿತು. ಅದರಲ್ಲಿ ದಿಕ್ಸೂಚಿಯೇ ಬೇಕಾಗಿಲ್ಲ. ಬಾಗಿಲಲ್ಲಿ ನಿಂತು ಒಳಕ್ಕೆ ನೋಡಿದಾಗ ದೂರದ ಎಡಮೂಲೆ ಧನಕ್ಕೆ, ದೂರದ ಬಲಮೂಲೆ ದಾಂಪತ್ಯಕ್ಕೆ. ನಮ್ಮ ಸಲಹೆಗಾರರು ಬಾಗಿಲಿನಿಂದ ಎಣಿಸಬೇಕಾದುದನ್ನು ದಿಕ್ಕುಗಳಿಗೆ ಹೊಂದಿಸಿ, ಹಳೆಯ ಪಂಚವರ್ಣಗಳನ್ನೂ ಅದರಲ್ಲಿ ಕಲಸಿ, ಮೇಲೆ ನಮ್ಮ ವಾಸ್ತುವಿನ ಕುಬೇರಮೂಲೆಯನ್ನೂ ಸೇರಿಸಿದ್ದರು. ನಮ್ಮವರ ಪ್ರಕಾರ ವರುಣನು ಪಶ್ಚಿಮದಲ್ಲಿ, ಅಗ್ನಿಯು ಆಗ್ನೇಯದಲ್ಲಿ. ಚೀನದವರ ನೀರು ಉತ್ತರದಲ್ಲಿ, ಬೆಂಕಿ ದಕ್ಷಿಣದಲ್ಲಿ. ಎರಡನ್ನೂ ಒಟ್ಟಿಗೆ ನಡೆಸಹೊರಟವನು ಒಂದೇ ಮನೆಯಲ್ಲಿ ಎರಡು ಪಂಚಾಂಗಗಳನ್ನಿಟ್ಟುಕೊಂಡು ಏಕಾದಶಿಯನ್ನು ಮಾಡಿದಂತಾದೀತು.

ಇನ್ನೊಂದು ವಿಷಯವನ್ನು ನಾವು ಭೂಗೋಳದ ಪಾಠದಿಂದ ಹೇಳಬೇಕು. ಬೀಜಿಂಗ್ ನಗರವು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಮಧ್ಯಾಹ್ನದ ಸೂರ್ಯನು ವರ್ಷವೆಲ್ಲ ದಕ್ಷಿಣದಲ್ಲಿಯೇ ಇರುವನು. ದಕ್ಷಿಣ ಬೆಚ್ಚಗೆ, ಉತ್ತರ ಕತ್ತಲೆ. ಮೈಸೂರು ಸೀಮೆಯಾದರೋ ಸುಮಾರು 12 ಡಿಗ್ರಿಯಲ್ಲಿದೆ. ಏಪ್ರಿಲ್ ತಿಂಗಳ ಕೊನೆಯಿಂದ ಆಗಸ್ಟ್ ತಿಂಗಳ ನಡುವಿನವರೆಗೆ ನಮ್ಮ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ನಮಗೆ ನೀರು ತರುವ ಮಳೆಗಾಳಿ ಬರುವುದು ಉತ್ತರದಿಂದಲ್ಲ, ನೈರುತ್ಯದಿಂದ. ಕತ್ತಲೆಯ ಉತ್ತರಕ್ಕೆ ಕಪ್ಪನ್ನೂ ಉರಿಯುವ ದಕ್ಷಿಣಕ್ಕೆ ಕೆಂಪನ್ನೂ ಅವರು ಕಂಡುಕೊಂಡುದು ತಮ್ಮ ಆಕಾಶವನ್ನು ನೋಡಿ. ನಾವು ನೋಡದೆಯೇ ಅದನ್ನು ಬಳಿದುಕೊಂಡರೆ ಅವರ ಶಿಷ್ಯರಾದಂತೆ ಆಗಲಿಲ್ಲ.

ಅವರಿಂದ ನಾವು ಸಂತೋಷವಾಗಿ ತೆಗೆದುಕೊಂಡುದೂ ಒಂದುಂಟು. ಒಲೆಯೂ ನೀರಿನ ತೊಟ್ಟಿಯೂ ಎದುರುಬದುರಾಗಿದ್ದರೆ ಬೆಂಕಿಗೂ ನೀರಿಗೂ ಜಗಳವೆಂದೂ, ನಡುವೆ ಮರದ ಬಣ್ಣವಾದ ಹಸುರನ್ನಿಟ್ಟರೆ ನೀರು ಮರವನ್ನು ಬೆಳೆಸಿ ಮರ ಬೆಂಕಿಗೆ ಆಹಾರವಾಗಿ ಜಗಳ ತೀರುವುದೆಂದೂ ಅವರು ಹೇಳುತ್ತಾರೆ. ಅತ್ತೆಸೊಸೆಯರ ನಡುವೆ ಒಂದು ಮಗು ಬಂದು ಕುಳಿತ ಹಾಗೆ. ಇದನ್ನು ಕೇಳಿ ನಮ್ಮ ಸೊಸೆ ನಕ್ಕು, ಅಡುಗೆಯ ಮನೆಯ ನಡುಗೋಡೆಗೆ ತಿಳಿಹಸುರನ್ನು ಬಳಿಸಿದಳು. ಜಗಳ ತೀರಿತೋ ತಿಳಿಯದು, ನೋಡುವುದಕ್ಕಂತೂ ಹಿತವಾಗಿದೆ.

ಇಷ್ಟೆಲ್ಲ ಓದಿ, ಒಂದು ಸಂಜೆ ನಾವು ಪುಸ್ತಕವನ್ನು ಹಿಡಿದುಕೊಂಡೇ ಅಕ್ಕನ ಕೊಠಡಿಗೆ ಹೋದೆವು. ದಕ್ಷಿಣಕ್ಕೆ ಕೆಂಪು ಏಕೆ ಬಂದಿತು, ಚೀನದಲ್ಲಿ ಮದುಮಗಳು ಕೆಂಪನ್ನೇ ಏಕೆ ಉಡುವಳು ಎಂಬುದನ್ನೆಲ್ಲ ವಿಸ್ತಾರವಾಗಿ ಹೇಳಿದೆವು. ಅಕ್ಕ ಸುಮ್ಮನೆ ಕೇಳಿದರು. ಆಮೇಲೆ, "ನಿನಗೆ ಅತ್ತೆಯ ನೆನಪಿಲ್ಲವೇನೋ?" ಎಂದರು.

ನೆನಪು ಮಸುಕಾಗಿ ಇದ್ದಿತು. ಅತ್ತೆಯೆಂದರೆ ನಮ್ಮ ತಂದೆಯ ಅಕ್ಕ. ಹನ್ನೆರಡನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಲೆ ಬೋಳಿಸಿ, ಕೆಂಪು ಮಡಿಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಒಪ್ಪೊತ್ತಿನ ಊಟದಲ್ಲಿ ಒಲೆಯ ಮುಂದೆಯೇ ಮುದುಕಿಯಾದವಳು. ನಮ್ಮ ಪ್ರಾಂತ್ಯದ ಬ್ರಾಹ್ಮಣರ ಮನೆಗಳಲ್ಲಿ ಆ ಕೆಂಪು ಸೀರೆಯೇ ವಿಧವೆಯ ಗುರುತಾಗಿದ್ದಿತೆಂಬುದು ಹಿರಿಯ ವಾಚಕರಿಗೆ ತಿಳಿದಿರುವುದು. ನಾವು ಚಿಕ್ಕವರಾಗಿರುವಾಗಲೇ ಅತ್ತೆ ತೀರಿಕೊಂಡಳು. ಅಕ್ಕ ಅವಳ ಮಗ್ಗುಲಲ್ಲಿಯೇ ಮಲಗಿ ಬೆಳೆದವರು.

"ಗಳುವಿನ ಮೇಲೆ ಆ ಸೀರೆ ಒಣಗುತ್ತಿದ್ದರೆ ಮುಟ್ಟಬಾರದು ಅಂತ ನಮ್ಮನ್ನೆಲ್ಲ ದೂರ ಓಡಿಸುತ್ತಿದ್ದರು. ಒಂದು ದಿನ ಅತ್ತೆ ನನ್ನ ಚಿಗುರುಬಣ್ಣದ ಲಂಗವನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕೂತಿದ್ದಳು. ನಾನು ಬಂದದ್ದು ಕಂಡು ಬೇಗ ಎತ್ತಿಟ್ಟಳು. ಈಗ ನನ್ನ ಕೋಣೆಗೆ ಕೆಂಪು ಬಳಿದರೆ, ಕಣ್ಣು ಬಿಟ್ಟಾಗಲೆಲ್ಲ ಆ ಸೀರೆಯೊಳಗೇ ಮಲಗಿದ ಹಾಗಾಗುತ್ತದೆ" ಎಂದರು.

ಅಕ್ಕನಿಗೆ ಆ ದುಃಖವು ಬಂದಾಗ ಕಾಲ ಬದಲಾಗಿದ್ದಿತು. ನಮ್ಮ ತಂದೆಯವರು ಅಕ್ಕನ ಕೂದಲಿಗಾಗಲಿ ಸೀರೆಗಾಗಲಿ ಯಾರನ್ನೂ ಕೈಹಾಕಗೊಡಿಸಲಿಲ್ಲ. ಅವರು ಏನನ್ನು ನೆನೆದು ಹಾಗೆ ಹಟ ಹಿಡಿದಿದ್ದರೆಂಬುದು ನಮಗೆ ಆ ಸಂಜೆ ಹೊಳೆಯಿತು. ಪುಸ್ತಕವನ್ನು ಮುಚ್ಚಿದೆವು. ಬೀಜಿಂಗಿನ ಮದುಮಗಳಿಗೆ ಮಂಗಳವಾದ ಬಣ್ಣ, ನಮ್ಮ ಮನೆಯ ಒಂದು ಕೊಠಡಿಯಲ್ಲಿ ಹೀಗೆ. ವಾಸ್ತುವಿನ ಪುಸ್ತಕವನ್ನು ತಂದು ಎದುರಿಗಿಟ್ಟಿದ್ದರೂ ಈ ಸಂಗತಿಯು ಅದರಲ್ಲಿ ಸಿಕ್ಕುತ್ತಿರಲಿಲ್ಲ.

ಮಾರನೆಯ ದಿನ ಬಣ್ಣದವನಿಗೆ ಹೇಳಿ, ಅಕ್ಕನ ಗೋಡೆಯ ಮೇಲೆ ಮೊಳ ಅಗಲದ ಮೂರು ತೇಪೆಗಳನ್ನು ಬಳಿಸಿದೆವು: ಕೆನೆಯ ಬಣ್ಣ, ತಿಳಿನೀಲಿ, ಮಾವಿನ ಚಿಗುರಿನ ಬಣ್ಣ. ಮೂರು ದಿನಗಳವರೆಗೆ ಬೆಳಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಅಕ್ಕ ಅವನ್ನು ನೋಡಿದರು. ಅಂಗಡಿಯ ಚೀಟಿಯಲ್ಲಿ ಕಂಡ ಬಣ್ಣವೇ ಗೋಡೆಯಲ್ಲಿ ಕಾಣುವುದಿಲ್ಲ, ಹಗಲಿನದು ದೀಪದಲ್ಲಿ ಉಳಿಯುವುದಿಲ್ಲ; ಆದಕಾರಣ ಎಲ್ಲ ಗೃಹಸ್ಥರೂ ಹೀಗೆ ಮಾಡಿನೋಡುವುದು ಒಳ್ಳೆಯದು. ತಿಳಿನೀಲಿಯು ದೀಪದ ಬೆಳಕಿನಲ್ಲಿ ಬೂದಿಯಂತೆ ಕಂಡಿತು. ಕೆನೆಯ ಬಣ್ಣವು ಕಣ್ಣಿಗೆ ಹೊಡೆಯಿತು. ಅಕ್ಕನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದರದು ಆಗಬೇಕು. ಕಡೆಗೆ ಗೋಡೆಗೆ ಚಿಗುರುಬಣ್ಣವನ್ನೂ, ರಾತ್ರಿ ಎದ್ದಾಗ ಬಾಗಿಲು ಎಲ್ಲಿದೆಯೆಂದು ಕಾಣುವಂತೆ ಬಾಗಿಲವಾಡಕ್ಕೆ ಗಾಢವಾದ ಕಂದುಬಣ್ಣವನ್ನೂ ಅವರೇ ಆರಿಸಿದರು.

ಮಗನು ಮುಂಚಿತವಾಗಿಯೇ ತಂದಿಟ್ಟಿದ್ದ ಕೆಂಪು ಬಣ್ಣದ ಡಬ್ಬಿಯೊಂದು ಉಳಿಯಿತು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ವಿಜಯದಶಮಿಯ ಹಿಂದಿನ ದಿನ ಅಕ್ಕನೇ ಅದನ್ನು ತೆಗೆಸಿ, ಹಿತ್ತಿಲ ತುಳಸಿಯ ಕಟ್ಟೆಗೆ ಮೊಮ್ಮಕ್ಕಳಿಂದ ಬಿಳುಪಿನ ನಡುನಡುವೆ ಕೆಂಪು ಪಟ್ಟೆಗಳನ್ನು ಎಳೆಯಿಸಿದರು. ಪಟ್ಟೆಗಳು ಸೊಟ್ಟಗಿವೆ. ಅರ್ಧ ಡಬ್ಬಿ ಇನ್ನೂ ಅಟ್ಟದ ಮೇಲಿದೆ.